ಬಿಚ್ಚದ ಬೂಟು

ನನ್ನ ಸ್ಟೌ ರಿಪೇರಿ ಅಂಗಡಿಗೂ ಅವನ ಬೂಟು ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದೇ ಹಲಗೆಯ ಗೋಡೆ. ಬೀದಿಯವರೆಲ್ಲ ಅವನನ್ನು ಮೊಳೆಬಾಯಿ ಅನ್ನುತ್ತಾರೆ. ಕೆಲಸ ಮಾಡುವಾಗ ಐದಾರು ಮೊಳೆ ಬಾಯಲ್ಲಿ ಕಚ್ಚಿಕೊಂಡಿರುತ್ತಾನೆ. ಮಾತಾಡದಿರಲು ಅದಕ್ಕಿಂತ ಒಳ್ಳೆಯ ನೆಪ ಬೇಕೇ? ಗಿರಾಕಿ ಬಿಟ್ಟುಹೋದ ಹಳೇ ಜೋಡುಗಳನ್ನು ಬೇರೆ ರಿಪೇರಿಯವರು ಮಾರಿಕೊಳ್ಳುತ್ತಾರೆ. ಇವನು ಸುಟ್ಟುಹಾಕುತ್ತಾನೆ. ಯುದ್ಧಕ್ಕೆ ಹೋಗಿ ಬಂದವನು ಅಂತ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಏನು ಮಾಡಿದ ಅಂತ ತಿಳಿಯದೆಯೇ ಹೆಂಡತಿ ತೀರಿಕೊಂಡಳು. ಮಗಳಿಗಂತೂ ಕೇಳಿ ಕೇಳಿ ಸಾಕಾಗಿತ್ತು.

ಆ ಮಗಳೇ ಒಂದು ದಿನ ಟಿಕೆಟ್ ತಂದಳು. ಹೆಸರಾಂತ ನಿರ್ದೇಶಕನ ನಲವತ್ತು ವರ್ಷ ಹಳೆಯ ಯುದ್ಧದ ಸಿನಿಮಾ ಚಿತ್ರಮಂದಿರಕ್ಕೆ ಮತ್ತೆ ಬಂದಿತ್ತು. "ಯುದ್ಧ ಹೇಗಿತ್ತೋ ಹಾಗೇ ತೋರಿಸಿದ್ದಾರಂತೆ ಅಪ್ಪಾ. ನೀನು ಬಾಯಿ ಬಿಡೋದೇ ಬೇಡ, ಬಂದು ಪಕ್ಕದಲ್ಲಿ ಕೂತ್ಕೋ ಸಾಕು," ಅಂದಳು. ಅವನ ಮುಖ ಅರಳಿದ್ದನ್ನು ನಾನು ಮೊದಲ ಸಲ ಕಂಡೆ. ತಾನು ಹೇಳಲಾಗದ್ದನ್ನು ಇನ್ನೊಬ್ಬ ಹೇಳಿಬಿಡುತ್ತಾನೆ, ಮಗಳಿಗೆ ತಿಳಿದುಹೋಗುತ್ತದೆ, ಎದೆ ಹಗುರಾಗುತ್ತದೆ ಅನ್ನುವ ಆಸೆ. ಇಸ್ತ್ರಿ ಅಂಗಿ ಹಾಕಿಕೊಂಡು ನನ್ನನ್ನೂ ಎಳೆದುಕೊಂಡು ಹೋದ.

ಮೂರು ಗಂಟೆ. ಬಲ್ಲವರೆಲ್ಲ ಹೊಗಳಿದ ಸಿನಿಮಾ, ನಾನ್ಯಾವ ಗಿಡದ ತಪ್ಪಲು? ಆದರೂ ಹೇಳುತ್ತೇನೆ, ಅದರಲ್ಲಿ ಸಾಯುವವರೆಲ್ಲ ಒಳ್ಳೆ ಬೆಳಕು ನೋಡಿಕೊಂಡು ಸಾಯುತ್ತಿದ್ದರು. ಕೊನೆಗೆ ಸತ್ತ ಸೈನಿಕನೊಬ್ಬನ ಬೂಟುಗಳ ಮೇಲೆ ಕ್ಯಾಮೆರಾ ಎರಡು ನಿಮಿಷ ನಿಂತಿತು. ಹುಲ್ಲು, ಬಿಸಿಲು, ಪಿಟೀಲು. ಚಿತ್ರಮಂದಿರಕ್ಕೆ ಚಿತ್ರಮಂದಿರವೇ ಮೂಗು ಒರೆಸಿಕೊಂಡಿತು. ಮೊಳೆಬಾಯಿ ಮಾತ್ರ ಗಟ್ಟಿಯಾಗಿ ಕೇಳಿಬಿಟ್ಟ: "ಆ ಬೂಟು ಯಾಕೆ ಇನ್ನೂ ಬಿಚ್ಚಿಲ್ಲ?" ಹಿಂದೆ ಕೂತವರು ಶ್ ಅಂದರು.

ಹೊರಗೆ ಬಂದಾಗ ಮಗಳ ಕಣ್ಣು ಕೆಂಪಗಿತ್ತು. "ಈಗ ಅರ್ಥ ಆಯ್ತಪ್ಪಾ," ಅಂದಳು.

"ಏನೂ ಆಗಿಲ್ಲ." ಸೈಕಲ್ ಸ್ಟ್ಯಾಂಡಿನ ಪಕ್ಕ ನಿಂತು ನಾನು ಕಂಡ ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ಬಾಯಿ ಬಿಟ್ಟ. "ಹೆಣದ ಮೇಲೆ ಬೂಟು ಬಿಡ್ತಿರಲಿಲ್ಲ ಮಗಾ. ಅಲ್ಲೂ ನಂದು ಬೂಟು ರಿಪೇರಿ ಕೆಲಸಾನೇ, ಗೋಣಿಚೀಲದಲ್ಲಿ ತುಂಬಿ ನನ್ನ ಹತ್ರ ಕಳಿಸ್ತಿದ್ರು. ಕಾಲು ಊದಿದ್ರೆ ನಾನೇ ಹೋಗಿ ಲೇಸು ಕುಯ್ದು ಎಳೀತಿದ್ದೆ. ತೊಳೆದು, ಹೊಸ ಅಟ್ಟೆ ಹಾಕಿ, ಆಗಷ್ಟೇ ಬಂದಿಳಿದವರಿಗೆ ಕೊಡ್ತಿದ್ದೆ. ಯಾರ ಬೂಟು ಅಂತ ಅವರು ಕೇಳಿದ್ರೆ ಹೊಸದು ಅಂತಿದ್ದೆ. ಒಂದು ಜೊತೆ ನನ್ನ ಕೈಗೆ ನಾಲ್ಕು ಸಲ ಬಂತು. ನಾಲ್ಕನೇ ಸಲ ಅದರೊಳಗೆ..."

"ಸಾಕಪ್ಪಾ!" ಮಗಳು ಎರಡು ಹೆಜ್ಜೆ ಹಿಂದೆ ಸರಿದಳು. "ಅವರು ಎಷ್ಟು ಚೆನ್ನಾಗಿ ತೋರಿಸಿದ್ರು. ನೀನು ಎಲ್ಲಾನೂ ಹೊಲಸು ಮಾಡ್ತೀಯ."

ಆ ಹುಡುಗಿಯ ಮೇಲೆ ಬಂದ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ನಿರ್ದೇಶಕನ ಮಾತಂತೂ ಎತ್ತಲೇಬೇಡಿ.

ಮುಂದಿನ ಭಾನುವಾರ ಅವಳು ಅತ್ತೆ ಮಾವನಿಗೂ ಅದೇ ಸಿನಿಮಾ ತೋರಿಸಿ, ಅಲ್ಲಿಂದ ನೇರ ಅಂಗಡಿಗೆ ಕರೆತಂದಳು. ಇಷ್ಟು ವರ್ಷ ಈ ಬಾಗಿಲಿಗೆ ಕಾಲಿಡದಿದ್ದ ಮಾವ ಈಗ ಅವನ ಕೈ ಹಿಡಿದುಕೊಂಡರು. "ಬೀಗರೇ, ನೀವು ಇಂಥದ್ದನ್ನೆಲ್ಲ ಕಂಡು ಬಂದವರು ಅಂತ ನಮಗೆ ಗೊತ್ತೇ ಇರಲಿಲ್ಲ. ಆ ಹುಲ್ಲು, ಆ ಬಿಸಿಲು... ನಿಜಕ್ಕೂ ಹಾಗೇ ಇತ್ತಾ?"

ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು, ಮಾನ ಕಳೀಬೇಡ ಅನ್ನುವ ಹಾಗೆ. ನಾನು ಹಲಗೆಯ ಈಚೆ ಕೆಲಸ ನಿಲ್ಲಿಸಿ ಕಾದೆ.

"ಹೂಂ," ಅಂದ ಅವನು. "ಹಾಗೇ ಇತ್ತು. ಬಿಸಿಲು ಚೆನ್ನಾಗಿತ್ತು."

ಮಗಳು ಅಪ್ಪನನ್ನು ಅಷ್ಟು ಪ್ರೀತಿಯಿಂದ ನೋಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ.