ಪತ್ರಿಕೆಯಲ್ಲಿ ಬಿಟ್ಟುಹೋದ ಸೋದರಮಾವ

ತೊಂಬತ್ತರ ದಶಕದಲ್ಲಿ ನಾನು ಹೊಸ ತಿಪ್ಪಸಂದ್ರದ ಡಿಟಿಪಿ ಅಂಗಡಿಯೊಂದರಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ಐದು ನಿಮಿಷಕ್ಕೊಮ್ಮೆ ಕೆಲಸವನ್ನು ತಾನೇ ಉಳಿಸುವ ಆಟೋಸೇವ್ ಆ ಕಂಪ್ಯೂಟರಿನಲ್ಲಿತ್ತು. ಉಳಿಸುವಾಗಲೆಲ್ಲ ಅದು ಅರ್ಧ ನಿಮಿಷ ಸತ್ತಂತೆ ನಿಂತುಬಿಡುತ್ತಿತ್ತು. ರೇಗಿಹೋಗಿ ಅದನ್ನು ನಾನೇ ಆಫ್ ಮಾಡಿಟ್ಟಿದ್ದೆ.

ಒಂದು ಮಧ್ಯಾಹ್ನ ಅಲ್ಲಿಯದೇ ಹಳೆಯ ಮನೆತನದ ಪತ್ರಿಕೆಗೆ ‘ಸುಖಾಗಮನ ಬಯಸುವವರು’ ಪಟ್ಟಿ ಟೈಪ್ ಮಾಡುತ್ತಿದ್ದಾಗ ಕರೆಂಟ್ ಹೋಯಿತು. ನಲವತ್ತು ಹೆಸರೂ ಅಳಿಸಿಹೋದವು. ಕೀಬೋರ್ಡಿಗೆ ಗುದ್ದಿದೆ. ಕರೆಂಟ್ ಬಂದಮೇಲೆ ಹಲ್ಲು ಕಚ್ಚಿಕೊಂಡು ಮತ್ತೆ ಟೈಪ್ ಮಾಡಿ, ಪ್ರೂಫ್ ಕೂಡ ನೋಡದೆ ಅಚ್ಚಿಗೆ ಕಳಿಸಿದೆ. ಆ ಅವಸರದಲ್ಲಿ ಮದುಮಗಳ ಸೋದರಮಾವನ ಹೆಸರು ಬಿಟ್ಟುಹೋಗಿತ್ತು.

ಪತ್ರಿಕೆ ಹಂಚಿದ ಮರುದಿನ ಆತ ಅಂಗಡಿಗೆ ಬಂದ.

“ಧಾರೆಗೆ ಹುಡುಗೀನ ಎತ್ಕೊಂಡು ಬರೋನು ನಾನು. ನನ್ ಹೆಸರೆಲ್ಲಿ?”

“ಕರೆಂಟ್ ಹೋಯ್ತು ಸಾರ್” ಎನ್ನುವಷ್ಟರಲ್ಲಿ ಎಡಗೆನ್ನೆಗೆ ಏಟು ಬಿತ್ತು. ಕುರ್ಚಿಯಿಂದ ಉರುಳಿದ ನನ್ನ ಪಕ್ಕೆಗೆ ಒದ್ದ. ಮಾನಿಟರ್ ಕಿತ್ತು ರಸ್ತೆಗೆ ಎಸೆದ.

ಕೆಲಸ ಕಾಪಾಡಬೇಕಾದ ಯಂತ್ರವೇ ಕೆಲಸಕ್ಕೆ ಅಡ್ಡ ಬಂದರೆ ಮನುಷ್ಯ ಅದರ ಕತ್ತು ಹಿಸುಕಿಯೇ ಹಿಸುಕುತ್ತಾನೆ. ಅದು ಸದ್ದಿಲ್ಲದೆ, ನಮ್ಮನ್ನು ಕಾಯಿಸದೆ ಉಳಿಸಬೇಕು. ಅಲ್ಲ ಎಂದು ವಾದಿಸುವವರು ನನ್ನ ಬಲಕ್ಕೆ ಕೂತು ವಾದಿಸಲಿ. ಎಡಗಿವಿ ಅಂದಿನಿಂದ ಕೇಳುವುದಿಲ್ಲ.