ಬಂಡಮ್ಮನ ಎರಡು ಡಬ್ಬಿ

ಕಮಲಾಪುರದ ಭಾಗಪ್ಪನ ಕೆಲಸ ಹೋದದ್ದು ನನ್ನ ನಾಲಿಗೆಯಿಂದ. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನಗೀಗ ಇಲ್ಲ.

ಕಲಬುರಗಿಯ ಜಗತ್ ವೃತ್ತದ ಹತ್ತಿರ ಬೀಜ, ಗೊಬ್ಬರ, ಔಷಧಿ ಮಾರುವ ಅಂಗಡಿಯಲ್ಲಿ ನಾನು ಇಪ್ಪತ್ತು ವರ್ಷ ಕೂತವನು. ಅಂಗಡಿ ನಾಗಣ್ಣ ಎಂದೇ ನನ್ನ ಹೆಸರು. ಕಮಲಾಪುರದ ಅಣವೀರಪ್ಪ ಸಾಹುಕಾರರು ತಮ್ಮ ಕೆಂಬಾಳೆ ತೋಟಕ್ಕೆ ಕಸದ ಎಣ್ಣಿ ಒಯ್ಯತೊಡಗಿದ್ದು ಎಂಬತ್ತೆಂಟರಲ್ಲಿ. ನಮ್ಮ ಕಡೆ ಹೊಲಕ್ಕೆ ಹೊಡೆಯುವ ಔಷಧಿಯೆಲ್ಲ ಎಣ್ಣಿಯೇ. ಕಳೆ ಸಾಯಿಸುವುದು ಕಸದ ಎಣ್ಣಿ. ಹೊಡೆಯುವವನು ಭಾಗಪ್ಪ. ವರ್ಷಕ್ಕೆ ನಾಲ್ಕು ಸಲ, ಪ್ರತಿ ಸಲವೂ ಅದೇ ಎಣ್ಣಿ. ಹತ್ತು ದಿನಕ್ಕೆ ತೋಟದ ಹುಲ್ಲೆಲ್ಲ ಹಳದಿಯಾಗಿ ಮಲಗುತ್ತಿತ್ತು. ಆಮೇಲೆ ಅವನ ಹೆಂಡತಿ ಬಂಡಮ್ಮ ಖುರ್ಪಿ ಹಿಡಿದು ಹೋಗಿ, ಅಲ್ಲೊಂದು ಇಲ್ಲೊಂದು ಹಸಿರಾಗಿ ಉಳಿದದ್ದನ್ನು ತೆನೆಸಮೇತ ಕಿತ್ತು ತರುತ್ತಿದ್ದಳು. ಕಿತ್ತ ಕಸ ಕಿತ್ತವಳಿಗೇ ಸೇರುವುದು ಅಲ್ಲಿಯ ರೂಢಿ. ಆಕೆಯ ಎಮ್ಮೆ ಆ ಹಸಿರು ತಿಂದೇ ಹಾಲು ಕೊಡುತ್ತಿತ್ತು.

ಹೀಗೆ ಹನ್ನೆರಡು ವರ್ಷ. ಎರಡು ಸಾವಿರದ ಮಳೆಗಾಲದಲ್ಲಿ ಎಣ್ಣಿ ಹೊಡೆದರೂ ಒಂದು ಜಾತಿಯ ಹುಲ್ಲು ಸಾಯಲೇ ಇಲ್ಲ. ಕೋಳಿಯ ಪಾದದಂತೆ ತೆನೆ ಬಿಡುತ್ತದಲ್ಲ, ಆ ಹುಲ್ಲು. ಸಾಹುಕಾರರು ಉರಿದುಕೊಂಡು ಅಂಗಡಿಗೆ ಬಂದು, ಮಾಲು ಖೋಟಾ ಎಂದರು. ಗಿರಾಕಿಗಳೆಲ್ಲ ನಮ್ಮ ಕಡೆ ತಿರುಗಿದರು. ಅಂಗಡಿಯ ಮಾನ ಉಳಿಸಬೇಕಿತ್ತು, ಅಷ್ಟೇ ನನಗೆ ಗೊತ್ತಿದ್ದದ್ದು.

"ಮಾಲು ಬರೋಬರ್ ಅದರೀ. ಹೊಡಿಯಾವ ಅರ್ಧ ಮಾರ್ಕೊಂಡು ನೀರು ಹಾಕ್ಯಾನೇನು, ಅದನ್ನ ನೋಡ್ರಿ" ಎಂದುಬಿಟ್ಟೆ.

ಭಾಗಪ್ಪನ ಮುಖವನ್ನು ನಾನು ಅಲ್ಲಿಯವರೆಗೆ ನೋಡಿಯೂ ಇರಲಿಲ್ಲ.

ಮರುದಿನವೇ ಸಾಹುಕಾರರು ಅವನನ್ನು ಕೆಲಸದಿಂದ ಬಿಡಿಸಿದರು. ಮಾತು ಊರೆಲ್ಲ ಹಬ್ಬಿ, ಯಾರೂ ಅವನನ್ನು ತೋಟದೊಳಗೆ ಬಿಟ್ಟುಕೊಳ್ಳಲಿಲ್ಲ. ಅವನು ವಾದಿಸಲಿಲ್ಲವಂತೆ. ಎಣ್ಣಿ ಹೊಡೆಯುವ ಪಂಪು ತೊಳೆದು ಸಾಹುಕಾರರ ಪಡಸಾಲೆಯಲ್ಲಿಟ್ಟು ಬಂದವನು, ಚಹಾದಂಗಡಿಗೆ ಹೋಗುವುದನ್ನೂ ಬಿಟ್ಟ.

ಮುಂದಿನ ಶ್ರಾವಣದಲ್ಲಿ ಬಂಡಮ್ಮ ಅಂಗಡಿಗೆ ಬಂದು ನನ್ನೆದುರು ಬುಟ್ಟಿ ಇಳಿಸಿದಳು. ಒಳಗೆ ಎರಡು ತಗಡಿನ ಡಬ್ಬಿ, ಎರಡರಲ್ಲೂ ಅದೇ ಹುಲ್ಲು, ಒಂದೇ ಎತ್ತರ. ಒಂದರ ಬೀಜ ಮರಗಮ್ಮನ ಗುಡಿಯ ಹಿಂದಿನದು, ಅಲ್ಲಿ ಎಂದೂ ಎಣ್ಣಿ ಬಿದ್ದಿಲ್ಲ; ಇನ್ನೊಂದರದು ಸಾಹುಕಾರರ ತೋಟದ್ದು ಎಂದಳು. ಆ ಬೀಜ ಕಟ್ಟಿಟ್ಟುಕೊಂಡು ವರ್ಷವಿಡೀ ಕಾದಿದ್ದಳು.

"ನನ್ನ ಗಂಡ ಮುಟ್ಟೋದು ಬ್ಯಾಡ, ನಾನೂ ಮುಟ್ಟಲ್ಲ. ಹೊಸ ಬಾಟ್ಲಿ ನೀವೇ ಬಿಚ್ಚರಿ, ನೀವೇ ಕಲಸ್ರಿ, ನೀವೇ ಹೊಡೀರಿ."

ಆಕೆಯನ್ನು ಸಾಗಹಾಕಿದರೆ ಸಾಕೆಂದು ಎರಡಕ್ಕೂ ಹೊಡೆದೆ. ಡಬ್ಬಿಗಳನ್ನು ಅಂಗಡಿಯ ಹಿತ್ತಲಲ್ಲಿಟ್ಟು ಆಕೆ ಊರಿಗೆ ಹೋದಳು. ಆರನೆಯ ದಿನ ಗುಡಿಯ ಹುಲ್ಲು ಹಳದಿಯಾಯಿತು, ಹತ್ತನೆಯ ದಿನ ಒಣಗಿತು. ತೋಟದ ಹುಲ್ಲು ಹೊಸ ಎಲೆ ಬಿಟ್ಟಿತ್ತು.

ಇದು ತಿಳಿಯಲು ದೊಡ್ಡ ಓದು ಬೇಕಿರಲಿಲ್ಲ. ಲಕ್ಷ ಗಿಡಗಳಲ್ಲಿ ಎಲ್ಲೋ ಒಂದೆರಡು ಹುಟ್ಟಿನಿಂದಲೇ ಗಟ್ಟಿ ಇರುತ್ತವೆ. ಎಣ್ಣಿ ಬಿದ್ದಾಗಲೆಲ್ಲ ಮಿಕ್ಕವು ಸತ್ತು, ಬೀಜ ಬಿಡಲು ಅವೇ ಉಳಿದವು. ಭಾಗಪ್ಪ ಹನ್ನೆರಡು ವರ್ಷ ಹೇಳಿದಷ್ಟನ್ನೇ ಹೇಳಿದ ಹಾಗೆ ಹೊಡೆದಿದ್ದ. ಆ ನಿಯತ್ತನ್ನು ನಾನು ಕಳ್ಳತನ ಎಂದಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹತ್ತನೆಯ ದಿನ ಡಬ್ಬಿ ನೋಡಲು ಬಂದ ಬಂಡಮ್ಮನ ಜೊತೆ ಅದೇ ದಿನ ಕಮಲಾಪುರದ ಬಸ್ಸು ಹತ್ತಿದೆ. ಚಹಾದಂಗಡಿಯ ಮುಂದೆ, ಜನ ಸೇರಿದ್ದಾಗ, ಡಬ್ಬಿಗಳನ್ನಿಟ್ಟು ತಪ್ಪು ನನ್ನದೆಂದೆ. ಸಾಹುಕಾರರು ನಾಳೆಯಿಂದಲೇ ಬಾ ಎಂದರು. ಭಾಗಪ್ಪ ಬದುಕಿದ್ದ ಹುಲ್ಲನ್ನೇ ನೋಡುತ್ತ ನಿಂತಿದ್ದ. ಕೊನೆಗೆ ಹೆಂಡತಿಯ ಕಡೆ ತಿರುಗಿದ.

"ಇಷ್ಟು ವರ್ಷ ಉಳಿದದ್ದನ್ನೆಲ್ಲ ತೆನಿಸಮೇತ ಎಮ್ಮಿಗಿ ಹಾಕಿದಿ. ಬೀಜ ಸಗಣ್ಯಾಗ ಸಾಯಂಗಿಲ್ಲ. ಆ ತಿಪ್ಪಿ ಗೊಬ್ಬರ ಯಾರ್ಯಾರ ಹೊಲಕ್ಕ ಹೋಗ್ಯದ?"

ಬಂಡಮ್ಮ ಬೆರಳು ಮಡಿಚುತ್ತ ಹೆಸರು ಹೇಳತೊಡಗಿದಳು. ಅಮೋಘಪ್ಪ, ದುಂಡಮ್ಮ, ಕರೀಂಸಾಬ್, ಸಾಹುಕಾರರ ತೋಟ. ಎರಡೂ ಕೈಯ ಬೆರಳು ಸಾಲದಾದವು. ಕೇಳಿದವರಿಗೆಲ್ಲ ಇಲ್ಲವೆನ್ನದೆ ಕೊಟ್ಟಿದ್ದಳು. ಗಂಡನ ಮೇಲಿನ ಕಳಂಕ ತೊಳೆದ ದಿನವೇ ಆಕೆಯ ಮುಖ ಬಾಡಿತು. ಡಬ್ಬಿಯ ಹುಲ್ಲನ್ನು ಬೇರುಸಮೇತ ಕಿತ್ತು ಮನೆಗೆ ಒಯ್ದು, ಎಮ್ಮೆಯನ್ನು ದಾಟಿ ಹೋಗಿ ಒಲೆಗೆ ಹಾಕಿದಳು.

ಆಮೇಲೆ ಪ್ರತಿ ಮಳೆಗಾಲ, ತೆನೆ ಬಲಿಯುವ ಮೊದಲು, ಯಾರೂ ಕರೆಯದಿದ್ದರೂ ಆಕೆ ಆ ಹೊಲಗಳಿಗೆ ಹೋಗಿ ಆ ಹುಲ್ಲನ್ನು ಹುಡುಕಿ ಕೀಳುತ್ತಿದ್ದಳು. ಎರಡು ಸಾವಿರದ ಆರರಲ್ಲಿ ನಾನು ಹೋದಾಗ ಕರೀಂಸಾಬನ ಹೊಲದಲ್ಲಿ ಕೂತಿದ್ದಳು. ಸಾಕು ಮಾಡು, ಇದು ಮುಗಿಯುವ ಕೆಲಸವಲ್ಲ ಎಂದೆ.

"ನೀವು ಆಡಿದ ಮಾತು ನೀವು ಹಿಂದಕ್ಕ ತಗೊಂಡ್ರಿ, ನಾಗಣ್ಣ" ಎಂದಳು ತಲೆ ಎತ್ತದೆ. "ನಾ ಹಾಕಿದ ಬೀಜ ಹ್ಯಾಂಗ ತಗೊಳ್ಳಲಿ?"

ನಾನು ಚಪ್ಪಲಿ ಬಿಟ್ಟು ಆಕೆಯ ಪಕ್ಕದ ಸಾಲಿನಲ್ಲಿ ಕೂತೆ.