ಈಜು ಬಾರದ ಕ್ಯಾಪ್ಟನ್ ಖಮೈಸ್

ಖಮೈಸನ ಬಗ್ಗೆ ಏನು ಹೇಳಲಿ? ನಮ್ಮ ಕೊಲ್ಲಿಯಲ್ಲಿ ಅವನಷ್ಟು ಒಳ್ಳೆಯವನೂ ಇಲ್ಲ, ಅವನಷ್ಟು ತಲೆ ತಿನ್ನುವವನೂ ಇಲ್ಲ. ಹಾಯಿದೋಣಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವುದು ಅವನ ಕಸುಬು. ದೋಣಿ ಮರಳಿಗೆ ತಗುಲಿದರೆ ನಡುನೀರಿನಲ್ಲೇ ದುಡುಮ್ಮನೆ ಹಾರುತ್ತಾನೆ. ಬಂದವರು ಅಯ್ಯೋ ಎಂದು ಎದ್ದು ನಿಂತು ನೋಡಿದರೆ ನೀರು ಅವನ ಸೊಂಟದವರೆಗೆ! ನಮ್ಮ ಕೆರ್ಕೆನ್ನಾ ದ್ವೀಪದ ಸಮುದ್ರವೇ ಹಾಗೆ, ಕೊಲ್ಲಿಯ ಬಾಯಲ್ಲಿರುವ ಆಳದ ಕಾಲುವೆಯೊಂದು ಬಿಟ್ಟರೆ ಎಲ್ಲಿ ಹೋದರೂ ಕಾಲಿಗೆ ನೆಲ ಸಿಗುತ್ತದೆ. ಹಾಗಾಗಿ ನಮ್ಮ ದೋಣಿಯವರಲ್ಲಿ ಒಬ್ಬನಿಗೂ ಈಜು ಬಾರದು. ಅದೊಂದು ಕೊರತೆಯೆಂದು ನಮಗೆ ಅನಿಸಿಯೂ ಇರಲಿಲ್ಲ.

ಈಜು ಬರುವುದು ಖಮೈಸನ ಹೆಂಡತಿ ಮಬ್ರೂಕಾಗೆ. ಅವಳು ಆಚೆ ದಡದ ಮಹ್ದಿಯಾ ಊರಿನವಳು, ಅಲ್ಲಿ ದಡದಲ್ಲೇ ಆಳ. ಮದುವೆಯಾದ ಹೊಸದರಲ್ಲೇ ಕಲಿಸುತ್ತೇನೆ ಬಾ ಎಂದಿದ್ದಳಂತೆ. "ಹೆಂಡ್ತಿ ಹಿಂದೆ ನೀರಿಗಿಳಿದ್ರೆ ಊರು ನಗಲ್ವೇನೇ?" ಎಂದು ಇವನು ಜಾರಿಕೊಂಡಿದ್ದ.

ಈ ಬೇಸಿಗೆಗೆ ಮುಂಚೆ ಹೊಸ ನಿಯಮ ಬಂತು. ಪ್ರವಾಸಿಗರನ್ನು ಕೂರಿಸಿಕೊಳ್ಳುವವನು ದೋಣಿ ನಿಲ್ಲುವ ಕಟ್ಟೆಯಿಂದ ನೀರಲ್ಲಿ ತೇಲುವ ಕೆಂಪು ಡ್ರಮ್ಮಿನವರೆಗೆ ಈಜಿ ತೋರಿಸಬೇಕು, ಇಲ್ಲದಿದ್ದರೆ ಪರವಾನಗಿ ಇಲ್ಲ. ಖಮೈಸನಿಗೆ ಅನ್ನ ನೀರು ಸೇರದಾಯಿತು. ದೋಣಿ ಹೋದರೆ ಅವನಿಗೆ ಬೇರೆ ಬದುಕಿಲ್ಲ.

ಉಪಾಯ ಹೂಡಿದವನು ನನ್ನ ಗಂಡ ಫ್ರೆಜ್. ಅವನೂ ದೋಣಿಯವನೇ.

"ಪರೀಕ್ಷೆ ಮಾಡೋ ಸಾಹೇಬ್ರು ಬೆಳಗ್ಗೆ ಬರ್ತಾರೆ, ಆಗ ಉಬ್ಬರ, ನೀರು ಮೂಗಿನವರೆಗೂ ಇರುತ್ತೆ. ನೀರು ಇಳಿಯೋವರೆಗೂ ಅವರನ್ನ ಊಟಕ್ಕೆ ಕೂರಿಸು. ಆಮೇಲೆ ಕೈಯಲ್ಲಿ ಈಜೋದು, ಕಾಲಲ್ಲಿ ನಡೆಯೋದು."

ಬೇಯಿಸಿ ಹಾಕುವವಳು ಯಾರು? ನಾನೇ. ಕಟ್ಟೆಯ ಪಕ್ಕದ ಖಾನಾವಳಿ ನನ್ನದಲ್ಲವೇ. ಆಕ್ಟೋಪಸ್ ಹಾಕಿ ರವೆಯ ಕುಸ್ಕುಸ್ ಮಾಡಿದೆ, ಮೀನು ಸುಟ್ಟೆ, ಚಹಾದ ಮೇಲೆ ಚಹಾ ಸುರಿದೆ. ಪಾಪ, ಆ ಅಧಿಕಾರಿಗೆ ಬೇಡ ಎನ್ನಲು ಬಾರದು. ಅವರು ತೇಗಿ ಎದ್ದಾಗ ನೀರು ಎದೆಮಟ್ಟಕ್ಕೆ ಇಳಿದಿತ್ತು.

ಒಬ್ಬೊಬ್ಬರಾಗಿ ದೋಣಿಯವರೆಲ್ಲರೂ "ಈಜಿದರು". ಫ್ರೆಜ್ ಬಾಯಲ್ಲಿ ನೀರು ಬುಸುಗುಟ್ಟಿಸಿದ್ದು ನೋಡಿ ನಾನು ನಗು ತಡೆಯಲು ತಲೆವಸ್ತ್ರದ ತುದಿ ಬಾಯಿಗೆ ತುರುಕಿಕೊಂಡೆ. ಕೊನೆಗೆ ಖಮೈಸನೂ ಹೋಗಿ ಬಂದ. ಸಾಹೇಬರು ಅವನ ಪರವಾನಗಿ ಚಾಚಿದರು.

"ನಿಮ್ಮ ದೋಣಿ ಇಷ್ಟ ಆಯ್ತು. ಹಬ್ಬಕ್ಕೆ ನನ್ನ ಮಕ್ಕಳಿಬ್ಬರನ್ನೂ ಕಳಿಸ್ತೀನಿ. ಚಿಕ್ಕವಳಿಗೆ ನೀರಂದ್ರೆ ಭಯ. ನೀವಿದ್ದೀರಲ್ಲ, ನನಗೆ ಧೈರ್ಯ."

ಖಮೈಸ್ ಕೈ ಹಿಂದಕ್ಕೆ ತೆಗೆದುಕೊಂಡ.

"ಕೊಡಬೇಡಿ ಸಾಹೇಬ್ರೇ. ನಾನು ನಡ್ಕೊಂಡು ಬಂದೆ."

"ಅಂದ್ರೆ?"

"ಈಜು ಬರಲ್ಲ ನನಗೆ. ಕಾಲುವೆ ಹತ್ರ ಮಗು ಬಿದ್ರೆ ನಾನು ನಿಂತು ನೋಡ್ಬೇಕಷ್ಟೆ."

ಸಾಹೇಬರು ಮಿಕ್ಕವರ ಕಡೆ ತಿರುಗಿದರು. ಎಲ್ಲರೂ ತಂತಮ್ಮ ಪಾದ ನೋಡಿಕೊಳ್ಳುತ್ತಿದ್ದರು. ಕೊಟ್ಟ ಪರವಾನಗಿಗಳೆಲ್ಲ ಮತ್ತೆ ಅವರ ಚೀಲ ಸೇರಿದವು. "ಹಬ್ಬಕ್ಕೆ ಮುಂಚೆ ಇನ್ನೊಂದ್ಸಲ ಬರ್ತೀನಿ. ಊಟ ಮಾಡ್ಕೊಂಡೇ ಬರ್ತೀನಿ," ಎಂದು ಹೊರಟರು.

"ದೊಡ್ಡ ಸತ್ಯವಂತ ಬಂದ," ಎಂದ ಫ್ರೆಜ್. "ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೆದೆಯಲ್ಲೋ. ಇನ್ಮೇಲೆ ನನ್ನನ್ನ ಮಾತಾಡಿಸ್ಬೇಡ."

ನನಗೂ ಮೈಯೆಲ್ಲ ಉರಿದಿತ್ತು, ಅಷ್ಟೊಂದು ಕುಸ್ಕುಸ್ ದಂಡ! ಆದರೆ ಪಾತ್ರೆ ತಿಕ್ಕುತ್ತಿದ್ದಾಗ ಫ್ರೆಜನ ದೋಣಿಯಲ್ಲಿ ದಿನಾ ಕೂರುವ ನಮ್ಮ ಮೊಮ್ಮಗಳು ನೆನಪಾದಳು. ಆಮೇಲೆ ಖಮೈಸನ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು.

ಮರುದಿನ ಬೆಳಗ್ಗೆ ಊರೆಲ್ಲ ನೋಡುತ್ತಿದ್ದಂತೆ ಅವನು ಹೆಂಡತಿಯ ಹಿಂದೆ ಕಾಲುವೆಗಿಳಿದ. ಯಾರೂ ನಗಲಿಲ್ಲ. ವಾರ ಕಳೆಯುವುದರಲ್ಲಿ ಮಿಕ್ಕವರೂ ಒಬ್ಬೊಬ್ಬರಾಗಿ ಇಳಿದರು, ಬಿಳಿ ಮೀಸೆಯವರೆಲ್ಲ ಮಬ್ರೂಕಾಳ ಬೈಗುಳ ತಿನ್ನುತ್ತ. ನನ್ನ ಗಂಡ ಎಲ್ಲರಿಗಿಂತ ಕೊನೆ. ಖಮೈಸನ ಕಡೆ ಬೆನ್ನು ಹಾಕಿಕೊಂಡೇ ಇಳಿದ, ಒಂದು ಹೆಜ್ಜೆ ಜಾಸ್ತಿ ಇಟ್ಟ, ಕಾಲಡಿಯ ನೆಲ ತಪ್ಪಿ ಮುಳುಗಿದ. ಆಗಷ್ಟೇ ತೇಲಲು ಕಲಿತಿದ್ದ ಖಮೈಸ್ ಕಾಲು ಬಡಿಯುತ್ತ ಹೋಗಿ ಅವನ ರಟ್ಟೆ ಹಿಡಿದ. ಮಾತು ಬಿಟ್ಟಿದ್ದ ಫ್ರೆಜ್ ಉಗುಳುತ್ತ, ಕೆಮ್ಮುತ್ತ ಬಾಯಿ ತೆರೆದ.

"ಬಿಡಬೇಡ ಕಣೋ ಖಮೈಸ್."